ತಪ್ಪಿ ಇಟ್ಟ ಕಲ್ಲುಗಳೇ?

ಹೋದ ದಸರೆಯ ರಜದಲ್ಲಿ ತಂಗಿಯ ಮಗನನ್ನು ಕರೆದುಕೊಂಡು ಶಿರಾದಿಂದ ಮಧುಗಿರಿಗೆ ಹೊರಟಿದ್ದೆ. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಹದಿನಾಲ್ಕರ ಹುಡುಗ. ಶಿರಾದ ಬಯಲು ಹಿಂದೆ ಸರಿದಂತೆ ಬಸ್ಸಿನ ಕಿಟಕಿಯಲ್ಲಿ ಹೆಬ್ಬಂಡೆಗಳು ಒಂದೊಂದಾಗಿ ಕಾಣಿಸತೊಡಗಿದವು. ಮನೆಯಷ್ಟು ದೊಡ್ಡ ಗುಂಡುಕಲ್ಲೊಂದು ಇಳಿಜಾರಿನ ಅಂಚಿನಲ್ಲಿ, ಮೊರದಗಲದ ಆಧಾರದ ಮೇಲೆ, ಇನ್ನೇನು ಉರುಳಿತೆಂಬಂತೆ ನಿಂತಿತ್ತು. ಅದನ್ನು ಕಂಡವನೇ ಹುಡುಗ, "ಮಾಮ, ಗ್ಲಿಚ್! ಗ್ಲಿಚ್!" ಎಂದು ಕೂಗಿದ.

ಗಣಕಯಂತ್ರದ ಎಡವಟ್ಟಿಗೆ ಅವನ ಓರಗೆಯವರು ಹೇಳುವ ಮಾತು ಅದು. ನಮ್ಮ ಮಧುಗಿರಿ ಸೀಮೆಯ ಕಲ್ಲಿಗೂ ಯಂತ್ರದ ತಪ್ಪಿಗೂ ಎಲ್ಲಿಯ ಸಂಬಂಧವೆಂದು ವಿಚಾರಿಸಿದಾಗ ಅವನು ಹೇಳಿದ ಸಂಗತಿ ಸ್ವಾರಸ್ಯವಾಗಿತ್ತು.

ಕಣಜ ಬರಿದುಮಾಡಿದ ಲೆಕ್ಕ

ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದ 'ಹಲೋ ಗೇಮ್ಸ್' ಎಂಬ ಪುಟ್ಟ ಸಂಸ್ಥೆ ೨೦೧೬ರ ಆಗಸ್ಟ್ ತಿಂಗಳಲ್ಲಿ 'ನೋ ಮ್ಯಾನ್ಸ್ ಸ್ಕೈ' ಎಂಬ ಆಟವನ್ನು ಹೊರತಂದಿತು. ಆಡುವವನು ಆಕಾಶನೌಕೆಯೇರಿ ಗ್ರಹದಿಂದ ಗ್ರಹಕ್ಕೆ ಹಾರಬಹುದು. ಇಳಿದು ಬೆಟ್ಟ ಕಣಿವೆಗಳಲ್ಲಿ ಅಲೆಯಬಹುದು. ಗ್ರಹಗಳೆಷ್ಟು? ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರುವತ್ತನಾಲ್ಕು ಮನೆಗಳನ್ನು ತುಂಬಿಸಹೊರಟು ಅರಸನ ಕಣಜ ಬರಿದಾದ ಕಥೆಯನ್ನು ಓದುಗರು ಬಲ್ಲರು. ಆ ಕಾಳುಗಳ ಒಟ್ಟು ಮೊತ್ತಕ್ಕೆ ಇನ್ನೊಂದನ್ನು ಕೂಡಿಸಿದರೆ ಈ ಆಟದ ಗ್ರಹಗಳ ಸಂಖ್ಯೆ ದೊರೆಯುತ್ತದೆ. ಹದಿನೆಂಟೆಂದು ಬರೆದು ಅದರ ಮುಂದೆ ಹದಿನೆಂಟು ಸೊನ್ನೆಗಳನ್ನಿಟ್ಟರೂ ಸಾಲದಷ್ಟು!

ಇಷ್ಟೊಂದು ಲೋಕಗಳನ್ನು ಕುಳಿತು ಚಿತ್ರಿಸಿದವರಾರು? ಯಾರೂ ಇಲ್ಲ. ಪ್ರತಿಯೊಂದು ಗ್ರಹಕ್ಕೂ ಒಂದು ಸಂಖ್ಯೆಯುಂಟು. ಅದಕ್ಕೆ 'ಬೀಜ'ವೆಂದೇ ಹೆಸರು. ಆ ಬೀಜವನ್ನು ಗಣಿತದ ಸೂತ್ರಗಳಿಗೆ ಒಪ್ಪಿಸಿದರೆ ಬೆಟ್ಟ, ಗಿಡ, ಮೃಗ ಎಲ್ಲವೂ ಆ ಕ್ಷಣದಲ್ಲಿಯೇ ಮೂಡುತ್ತವೆ. ಅದೇ ಬೀಜವನ್ನು ಮತ್ತೆ ಬಿತ್ತಿದರೆ ಅದೇ ಬೆಟ್ಟ. ಇಂತಹ ಸೂತ್ರಗಳಿಗೆ ದಾರಿ ತೋರಿದವರಲ್ಲಿ ಅಮೆರಿಕದ ಕೆನ್ ಪರ್ಲಿನ್ ಒಬ್ಬರು. ಗಣಕಯಂತ್ರದ ಚಿತ್ರಗಳು ತೀರ ಯಾಂತ್ರಿಕವಾಗಿ ಕಾಣುತ್ತಿದ್ದುದಕ್ಕೆ ಬೇಸತ್ತು, ೧೯೮೩ರಲ್ಲಿ ನಿಸರ್ಗದ ಒರಟುತನವನ್ನು ಹೋಲುವ ಸೂತ್ರವೊಂದನ್ನು ಅವರು ರಚಿಸಿದರು. ಅದಕ್ಕಾಗಿ ೧೯೯೭ರಲ್ಲಿ ಹಾಲಿವುಡ್ಡಿನ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಅವರಿಗೆ ಸಂದಿತು.

ತ್ರಿಶಂಕು ಬಂಡೆ

ಆದರೆ ಸೂತ್ರಕ್ಕೆ ತಿಳಿದಿರುವುದು ಲೆಕ್ಕ ಮಾತ್ರ. ಈ ಬಿಂದುವಿನಲ್ಲಿ ಬಂದ ಮೊತ್ತ ಗೊತ್ತಾದ ಮಿತಿಯನ್ನು ದಾಟಿದರೆ ಕಲ್ಲು, ದಾಟದಿದ್ದರೆ ಗಾಳಿ. ಕಲ್ಲಿನ ಕೆಳಗೆ ಆಧಾರವುಂಟೇ ಎಂದು ಅದು ಕೇಳುವುದಿಲ್ಲ. ಆದುದರಿಂದಲೇ ಬಂಡೆಗಳು ಅಂತರದಲ್ಲಿ ತೇಲುತ್ತವೆ. ಕಟ್ಟಡ ಅರ್ಧ ನೆಲದಲ್ಲಿ ಹೂತಿರುತ್ತದೆ. ಬುಡವನ್ನು ಅಗೆದು ತೆಗೆದ ಗುಡ್ಡದ ತಲೆ ತ್ರಿಶಂಕುವಿನಂತೆ ನಡುಗಾಳಿಯಲ್ಲಿ ನಿಲ್ಲುತ್ತದೆ.

ಇನ್ನೊಂದು ಸೋಜಿಗ ಕೇಳಿ. ಆಟಗಾರನು ಗುಡ್ಡವನ್ನು ಕೊರೆದು ಮನೆ ಕಟ್ಟಿಕೊಂಡು, ಕೆಲವು ಕಾಲದ ಮೇಲೆ ಮರಳಿ ಬಂದರೆ, ನಡುಮನೆಯಲ್ಲಿಯೇ ಗುಡ್ಡ ಎದ್ದಿರುವುದುಂಟು! ಅಗೆದ ಗುಳಿಗಳನ್ನು ನೆನಪಿಡಲು ಯಂತ್ರಕ್ಕೆ ಇರುವ ಜಾಗ ಮಿತವಾದುದು. ಅದು ತುಂಬಿದಾಗ ಹಳೆಯ ಗುಳಿಯನ್ನು ಮರೆತು, ಬೀಜದಿಂದ ಮೊದಲಿನ ಗುಡ್ಡವನ್ನೇ ಮತ್ತೆ ಬೆಳೆಸಿಬಿಡುತ್ತದೆ.

ನೀರು ಕೆತ್ತಿದ ಗುಂಡು

ಹುಡುಗ ಕಂಡ ಕಲ್ಲಿನಲ್ಲಿ ಅಂತಹ ಎಡವಟ್ಟಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂದು ಹೆಸರು. ಆ ಹೆಸರನ್ನೇ ಪಡೆದ 'ಕ್ಲೋಸ್‌ಪೇಟೆ ಗ್ರಾನೈಟ್' ಎಂಬ ಶಿಲೆಯ ಪಟ್ಟಿಯೊಂದು ಕರ್ನಾಟಕದಲ್ಲಿ ದಕ್ಷಿಣೋತ್ತರವಾಗಿ ಸುಮಾರು ೪೦೦ ಕಿಲೋಮೀಟರ್ ಹಬ್ಬಿದೆ. ಮಧುಗಿರಿ, ಪಾವಗಡಗಳು ಅದರ ಹಾದಿಯಲ್ಲಿವೆ. ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕುದಿಯುತ್ತಿದ್ದ ಶಿಲಾರಸ ತಣಿದು ಇದಾಯಿತು. ಮೇಲಿನ ಹೊರೆ ಸವೆದಂತೆ ಒತ್ತಡ ತಗ್ಗಿ ಬಂಡೆ ಬಿರುಕು ಬಿಟ್ಟಿತು. ಬಿರುಕಿಗೆ ಮಳೆಯ ನೀರು ಇಳಿಯಿತು. ಚೌಕದ ಮೂಲೆಯನ್ನು ನೀರು ಹಲವು ಕಡೆಯಿಂದ ಕಚ್ಚುವುದರಿಂದ ಮೂಲೆಯೇ ಮೊದಲು ಸವೆಯಿತು. ನೆಲದೊಳಗಿರುವಾಗಲೇ ಚೌಕ ಗುಂಡಾಯಿತು. ಬಳಿಕ ಸುತ್ತಲ ಪುಡಿಮಣ್ಣನ್ನು ಮಳೆ ತೊಳೆದೊಯ್ದಾಗ ಗುಂಡುಗಳು ಇದ್ದ ಠಾವಿನಲ್ಲಿಯೇ, ಒಂದರ ಮೇಲೊಂದು ಕುಳಿತು, ಹೊರಗೆ ಕಂಡವು. ಭೀಮ ಎತ್ತಿಟ್ಟನೆಂದು ಹಿರಿಯರು ಹೇಳುವ ಕಲ್ಲುಗಳ ಗುಟ್ಟು ಇಷ್ಟೇ.

ಬಿರುಕು ವಿರಳವಾದೆಡೆ ಬೆಟ್ಟಕ್ಕೆ ಬೆಟ್ಟವೇ ಉಳಿಯಿತು. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರಕ್ಕೆ ನಿಂತ ಮಧುಗಿರಿಯ ಏಕಶಿಲೆ ಅಂತಹುದು. ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚುತ್ತ ಅದರ ಮೈ ನುಣುಪಾಗಿದೆ. ಪಾವಗಡದ ಕೋಟೆಯೂ ಬಂಡೆಯ ಬೆಟ್ಟವನ್ನೇ ನಂಬಿ ಎದ್ದುದು. ಕೊರಟಗೆರೆಯ ಸಿದ್ದರಬೆಟ್ಟದಲ್ಲಿ ಹೆಬ್ಬಂಡೆಗಳ ಸಂದೇ ದೇವರ ಗವಿಯಾಗಿದೆ.

ಬೀಜವಿಲ್ಲದ ಕಲ್ಲು

ಹಿಂದಿರುಗುವಾಗ ಕೊರಟಗೆರೆಯ ದಾರಿಯಲ್ಲಿ ಹುಡುಗನಿಗೆ ಒಂದು ಕಲ್ಲನ್ನು ತೋರಿಸುವೆನೆಂದು ಮಾತು ಕೊಟ್ಟಿದ್ದೆ. ಚಿಕ್ಕಂದಿನಲ್ಲಿ ಅಜ್ಜನೊಡನೆ ಸಂತೆಗೆ ಹೋಗುವಾಗ ಮಳೆ ಬಂದರೆ ಅದರ ಮರೆಯಲ್ಲಿ ನಿಲ್ಲುತ್ತಿದ್ದೆವು. ಆನೆ ಮಲಗಿದಂತಿದ್ದ ಕಲ್ಲು. ಹುಣಿಸೆಮರದ ಗುರುತು ಹಿಡಿದು ಇಳಿದೆವು. ಮರವಿತ್ತು, ಕಲ್ಲಿರಲಿಲ್ಲ. ಅದಿದ್ದ ಜಾಗದಲ್ಲಿ ಹಸಿರು ನೀರು ನಿಂತ ಹಳ್ಳ, ಅಂಚಿನಲ್ಲಿ ಜಲ್ಲಿಯ ರಾಶಿ.

ಹುಡುಗ ಬಹಳ ಹೊತ್ತು ಹಳ್ಳವನ್ನೇ ನೋಡುತ್ತಿದ್ದು, "ಇದಕ್ಕೆ ಬೀಜ ಇಲ್ಲವಲ್ಲ, ಮಾಮ" ಎಂದ.

ರಸ್ತೆಗೆ ಜಲ್ಲಿ ಬೇಡವೆನ್ನಲು ನನಗೆ ಬಾಯಿಲ್ಲ. ಅಂತಹುದೇ ರಸ್ತೆಯಲ್ಲಿ ಸುಖವಾಗಿ ಬಂದವನು ನಾನು. ಆದರೆ ಯಾವ ಬಂಡೆಯನ್ನು ಒಡೆಯಬೇಕು, ಯಾವುದನ್ನು ಉಳಿಸಬೇಕು ಎಂದು ಒಡೆಯುವ ಮುನ್ನ ಒಮ್ಮೆ ಕೇಳುವವರಿರಬೇಡವೇ? ಕೇಳದಿರುವುದು ಸೂತ್ರದ ಸ್ವಭಾವ; ಮನುಷ್ಯನಿಗೆ ಅದು ಒಪ್ಪುವಂತಹುದಲ್ಲ. ಬಸ್ಸು ಹೊರಟಮೇಲೆ ಹುಡುಗ ಕಿಟಕಿ ಬಿಟ್ಟು ಕದಲಲಿಲ್ಲ. ಕಂಡ ಒಂದೊಂದು ಗುಂಡನ್ನೂ ಎಣಿಸುತ್ತಿದ್ದ, "ಗ್ಲಿಚ್" ಎನ್ನಲಿಲ್ಲ.