ನೀರಿನಿಂದ ಹೊರಡಿಸಿದ ತಪ್ಪೊಪ್ಪಿಗೆ

ಶುಕ್ರವಾರ ಮಿಂದು ಶುಭ್ರವಾದ ಬಟ್ಟೆ ಧರಿಸುವುದು, ಕೈಗೆ ಮದರಂಗಿ ಹಚ್ಚುವುದು, ಹಂದಿಮಾಂಸ ಮುಟ್ಟದಿರುವುದು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ ಸಂಗತಿಗಳು. ಆದರೆ 16ನೇ ಶತಮಾನದ ಸ್ಪೇನ್‌ನಲ್ಲಿ ಇವೇ ಅಪರಾಧದ ಸಾಕ್ಷ್ಯಗಳಾಗಿದ್ದವು. ಮನೆಗೆಲಸದವರೋ ನೆರೆಯವರೋ ದೂರು ಕೊಟ್ಟರೆ ಸಾಕು, ಗೃಹಿಣಿಯೊಬ್ಬಳು ವಿಚಾರಣೆಗೆ ಗುರಿಯಾಗುತ್ತಿದ್ದಳು.

1478ರಲ್ಲಿ ಅಲ್ಲಿ ‘ಇನ್‌ಕ್ವಿಸಿಷನ್’ ಎಂಬ ಧಾರ್ಮಿಕ ನ್ಯಾಯಾಲಯ ಸ್ಥಾಪನೆಯಾಯಿತು. ಕ್ರೈಸ್ತ ಧರ್ಮಕ್ಕೆ ಸೇರಿಸಲ್ಪಟ್ಟ ಯಹೂದಿಗಳು ಮತ್ತು ಮುಂದೆ ಮುಸ್ಲಿಮರು ಗುಟ್ಟಾಗಿ ಹಳೆಯ ಧರ್ಮವನ್ನೇ ಪಾಲಿಸುತ್ತಿದ್ದಾರೆಯೇ ಎಂದು ಅದು ಪತ್ತೆ ಹಚ್ಚುತ್ತಿತ್ತು. ತಪ್ಪೊಪ್ಪಿಗೆ ಹೊರಡಿಸಲು ಅದು ಬಳಸಿದ ಕ್ರಮಗಳಲ್ಲೊಂದು ‘ತೋಕಾ’. ಸ್ಪ್ಯಾನಿಷ್ ಭಾಷೆಯಲ್ಲಿ ತೋಕಾ ಎಂದರೆ ಹೆಂಗಸರು ತಲೆಗೆ ಸುತ್ತಿಕೊಳ್ಳುವ ಬಟ್ಟೆ!

ಇದರ ಬೇರು ಇನ್ನೂ ಹಿಂದಿನದು. 1252ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್, ಧರ್ಮದ್ರೋಹದ ಆರೋಪಿಗಳನ್ನು ಹಿಂಸಿಸಿ ಬಾಯಿ ಬಿಡಿಸಲು ಅನುಮತಿ ನೀಡಿದ್ದರು. ಅಂಗ ಮುರಿಯಬಾರದು, ಜೀವಕ್ಕೆ ಅಪಾಯವಾಗಬಾರದು ಎಂಬುದು ಷರತ್ತು. ಈ ಷರತ್ತಿಗೆ ನೀರು ಅನುಕೂಲವಾಗಿ ಒದಗಿತು. ಆರೋಪಿಯನ್ನು ತಲೆ ತಗ್ಗಿರುವಂತೆ ಮರದ ಚೌಕಟ್ಟಿಗೆ ಕಟ್ಟಿ, ಬಾಯಿಗೆ ನಾರುಬಟ್ಟೆ ತುರುಕಿ, ಹೂಜಿಯಿಂದ ನೀರು ಸುರಿಯುತ್ತಿದ್ದರು. ಮುಳುಗಿ ಸಾಯುತ್ತಿರುವ ಭೀತಿಯೇ ಇದರ ಮರ್ಮ. ಪಕ್ಕದಲ್ಲಿ ಕುಳಿತ ಗುಮಾಸ್ತ ಪ್ರತಿಯೊಂದು ಚೀತ್ಕಾರವನ್ನೂ ಬರೆದಿಡುತ್ತಿದ್ದ.

ಅಂಥ ಒಂದು ದಾಖಲೆ ಎಲ್ವಿರಾ ದೆಲ್ ಕಾಂಪೊ ಎಂಬಾಕೆಯದು. ಯಹೂದಿ ಮೂಲದ ಈ ಗೃಹಿಣಿಯನ್ನು 1567ರಲ್ಲಿ ಬಂಧಿಸಿದಾಗ ಆಕೆ ಗರ್ಭಿಣಿ. ಹಂದಿಮಾಂಸ ತಿನ್ನುವುದಿಲ್ಲ, ಶನಿವಾರ ಒಗೆದ ಬಟ್ಟೆ ಉಡುತ್ತಾಳೆ ಎಂಬುದು ಆರೋಪ. 1568ರಲ್ಲಿ ತೊಲೆದೊ ನಗರದಲ್ಲಿ ಆಕೆಯನ್ನು ಹಗ್ಗದಿಂದ ಬಿಗಿದರು, ನೀರು ಸುರಿದರು. ನಾನು ಏನು ಹೇಳಬೇಕೆಂದು ನೀವೇ ಹೇಳಿಕೊಡಿ ಎಂದು ಆಕೆ ಮತ್ತೆ ಮತ್ತೆ ಅಂಗಲಾಚಿದಳು. ನಾಲ್ಕು ದಿನ ಬಿಟ್ಟು ಪುನಃ ಹಿಂಸಿಸಿದಾಗ ಒಪ್ಪಿಕೊಂಡಳು. ಹಿಂಸೆಯಲ್ಲಿ ನುಡಿದದ್ದನ್ನು ಮರುದಿನ ‘ಸ್ವಇಚ್ಛೆಯಿಂದ’ ಹೇಳಿದ್ದೆಂದು ದೃಢೀಕರಿಸಬೇಕಿತ್ತು. ನಿರಾಕರಿಸಿದರೆ ಮತ್ತೆ ಅದೇ ಕೋಣೆ!

ಇನ್‌ಕ್ವಿಸಿಷನ್ 1834ರಲ್ಲಿ ಕೊನೆಗೊಂಡಿತು. ಆದರೆ ನೀರಿನ ಹಿಂಸೆ ಕೊನೆಗೊಳ್ಳಲಿಲ್ಲ. ‘ವಾಟರ್‌ಬೋರ್ಡಿಂಗ್’ ಎಂಬ ಹೊಸ ಹೆಸರಿನಲ್ಲಿ ಅಮೆರಿಕದ ಸಿಐಎ ಅದನ್ನು 2003ರ ಮಾರ್ಚ್‌ನಲ್ಲಿ ಒಬ್ಬನೇ ಕೈದಿಯ ಮೇಲೆ 183 ಸಲ ಪ್ರಯೋಗಿಸಿತು. ಇಂಥ ಕ್ರಮಗಳು ಮಾಹಿತಿ ಪಡೆಯಲು ಪರಿಣಾಮಕಾರಿಯಾಗಿರಲಿಲ್ಲವೆಂದು 2014ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ವರದಿ ನೀಡಿತು.

ಆರೋಪಿ ಯಾವ ಧರ್ಮದವನೇ ಇರಲಿ, ಎಂಥ ಆರೋಪವೇ ಇರಲಿ, “ತಪ್ಪೊಪ್ಪಿಕೊಂಡಿದ್ದಾನೆ” ಎಂಬ ಸುದ್ದಿ ಓದಿದಾಗ ಒಂದು ಕ್ಷಣ ತಡೆಯಿರಿ. ಆ ಮಾತನ್ನು ಹೇಗೆ ಹೊರಡಿಸಲಾಯಿತು ಎಂದು ಕೇಳಿರಿ, ನಿಮ್ಮ ಮಕ್ಕಳಿಗೂ ಹಾಗೆ ಕೇಳಲು ಕಲಿಸಿರಿ.