ಬಸವಳಿದ ಮನಸ್ಸಿಗೂ ಚಿಕಿತ್ಸೆಯುಂಟು

ಮೈ ದಣಿದರೆ ಒಂದು ರಾತ್ರಿಯ ನಿದ್ರೆಯಿಂದ ಚೇತರಿಸಿಕೊಳ್ಳುತ್ತೇವೆ. ಆದರೆ ನಿದ್ರಿಸಿ ಎದ್ದರೂ ನೀಗದ ದಣಿವೊಂದಿದೆ. ಬೆಳಗಾಗುತ್ತಿದ್ದಂತೆ ಕೆಲಸದ ನೆನಪಿನಿಂದಲೇ ಎದೆ ಭಾರವಾಗುತ್ತದೆ. ಹಿಂದೆ ಪ್ರೀತಿಯಿಂದ ಮಾಡುತ್ತಿದ್ದ ಕೆಲಸವೇ ಬೇಸರ ಹುಟ್ಟಿಸುತ್ತದೆ. ರಜೆಯಲ್ಲಿ ತುಸು ಹಗುರವೆನಿಸಿದರೂ ಮರಳಿದ ಕೆಲವೇ ವಾರಗಳಲ್ಲಿ ಸ್ಥಿತಿ ಮೊದಲಿನಂತಾಗುತ್ತದೆ. ಇದನ್ನು ಇಂದು ‘ಬರ್ನ್‌ಔಟ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಬಸವಳಿಕೆ ಎನ್ನಬಹುದು. ಇದು ಸೋಮಾರಿತನವಲ್ಲ, ಭಕ್ತಿಯ ಕೊರತೆಯೂ ಅಲ್ಲ. ತಕ್ಕ ನೆರವು ಪಡೆದವರು ಇದರಿಂದ ಹೊರಬರಬಲ್ಲರು. ಆ ನೆರವು ಎಂಥದು, ಎಲ್ಲಿ ದೊರೆಯುತ್ತದೆ ಎಂಬುದನ್ನು ಸದ್ಭಕ್ತರ ಗಮನಕ್ಕೆ ತರಬಯಸುತ್ತೇವೆ.

ಈ ಪದವನ್ನು 1974ರಲ್ಲಿ ವೈದ್ಯಕೀಯ ಜಗತ್ತಿಗೆ ಪರಿಚಯಿಸಿದವರು ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅವರು ಇದನ್ನು ಕಂಡದ್ದು ಉಚಿತ ಚಿಕಿತ್ಸಾಲಯವೊಂದರ ಸ್ವಯಂಸೇವಕರಲ್ಲಿ. ಹಣದ ಆಸೆಯಿಲ್ಲದೆ, ಪರರ ಕಷ್ಟಕ್ಕೆ ಮರುಗಿ ದುಡಿಯುತ್ತಿದ್ದವರೇ ಕಾಲಕ್ರಮದಲ್ಲಿ ಉತ್ಸಾಹವನ್ನು ಕಳೆದುಕೊಂಡು ಕುಗ್ಗಿಹೋಗಿದ್ದರು. ಹಗಲಿಡೀ ವೃತ್ತಿ ನಡೆಸಿ, ಬಳಿಕ ಅಲ್ಲಿ ಸೇವೆ ಸಲ್ಲಿಸುತ್ತಿದ್ದ ಫ್ರಾಯ್ಡನ್‌ಬರ್ಗರ್ ಸ್ವತಃ ಅದೇ ಸ್ಥಿತಿಗೆ ತಲುಪಿದ್ದರು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ: ಬಸವಳಿಕೆಯು ಕೆಲಸಗಳ್ಳರನ್ನಲ್ಲ, ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಂಡವರನ್ನೇ ಹೆಚ್ಚಾಗಿ ಹಿಡಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದನ್ನು ರೋಗವೆಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದೆ ಉಳಿದ, ಬಹುಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದಿದೆ. ಅದಕ್ಕೆ ಮೂರು ಲಕ್ಷಣಗಳನ್ನು ಹೇಳಲಾಗಿದೆ. ಮೊದಲನೆಯದು, ಶಕ್ತಿ ಬತ್ತಿಹೋದಂತಹ ಬಳಲಿಕೆ. ಎರಡನೆಯದು, ಕೆಲಸದ ಬಗ್ಗೆ ತಾತ್ಸಾರ ಅಥವಾ ಅದರಿಂದ ಮನಸ್ಸು ದೂರ ಸರಿಯುವುದು. ಮೂರನೆಯದು, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆ. ಇವುಗಳ ಜೊತೆಗೆ ನಿದ್ರಾಭಂಗ, ತಲೆನೋವು, ಸಿಡುಕು, ಮರೆವು ಕೂಡ ಕಾಣಿಸಿಕೊಳ್ಳಬಹುದು.

ಇದು ಮಹಾನಗರದ ಕಂಪ್ಯೂಟರ್ ಉದ್ಯೋಗಿಗಳಿಗೆ ಮಾತ್ರ ಬರುವಂಥದ್ದೆಂದು ತಿಳಿಯಬಾರದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬದುಕನ್ನು ನೋಡಿದರೆ ಸಾಕು. ಬಿ.ಸಿ.ರೋಡಿನಿಂದ ನಿತ್ಯ ಬಸ್ಸು ಹಿಡಿದು ಮಂಗಳೂರಿಗೆ ದುಡಿಯಲು ಹೋಗಿ, ಮನೆಗೆ ಮರಳಿ ಅಡುಗೆಗೆ ನಿಲ್ಲುವ ದಾದಿಯರಿದ್ದಾರೆ. ವಿದ್ಯಾಸಂಸ್ಥೆಗಳಿಗೆ ಹೆಸರಾದ ಮೂಡುಬಿದಿರೆಯಲ್ಲಿ ಫಲಿತಾಂಶದ ಹೊರೆಯನ್ನು ಹೊತ್ತ ಅಧ್ಯಾಪಕರಿದ್ದಾರೆ. ಬೆಳ್ತಂಗಡಿಯ ಗುಡ್ಡದ ದಾರಿಗಳಲ್ಲಿ ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರಿದ್ದಾರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸಲು ಬಿಸಿಲಿನ ದಿನವನ್ನೇ ಕಾಯುತ್ತ ಚಿಂತಿಸುವ ಕೃಷಿಕರಿದ್ದಾರೆ. ಸಾವಿರಕ್ಕಿಷ್ಟು ಎಂಬ ಮಜೂರಿಗೆ ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರಿಗೆ ಕೆಲಸ ಮುಗಿಯುವ ಗಂಟೆಯೆಂಬುದೇ ಇಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಯ ದಣಿವನ್ನು ಯಾವ ಕಚೇರಿಯ ಪುಸ್ತಕವೂ ದಾಖಲಿಸುವುದಿಲ್ಲ. ಆದರೆ ಆ ದಣಿವೂ ಇಂಥದ್ದೇ.

ಇದಕ್ಕೆ ಕಾರಣ ವ್ಯಕ್ತಿಯ ಮನೋದೌರ್ಬಲ್ಯ ಮಾತ್ರವೆಂದು ಭಾವಿಸುವುದು ತಪ್ಪು. ಈ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅವರು ಆರು ಕಾರಣಗಳನ್ನು ಗುರುತಿಸಿದ್ದಾರೆ: ಅತಿಯಾದ ಕೆಲಸದ ಹೊರೆ, ಕೆಲಸದ ಮೇಲೆ ಹಿಡಿತವಿಲ್ಲದಿರುವುದು, ದುಡಿಮೆಗೆ ತಕ್ಕ ಪ್ರತಿಫಲ ಮತ್ತು ಮನ್ನಣೆ ದೊರೆಯದಿರುವುದು, ಸಹೋದ್ಯೋಗಿಗಳ ನಡುವೆ ಸೌಹಾರ್ದವಿಲ್ಲದಿರುವುದು, ಅನ್ಯಾಯ, ತನ್ನ ಮೌಲ್ಯಗಳಿಗೆ ಒಗ್ಗದ ಕೆಲಸ. ಆದುದರಿಂದ ವಿಶ್ರಾಂತಿಯೊಂದೇ ಇದಕ್ಕೆ ಪೂರ್ಣ ಪರಿಹಾರವಾಗದು. ಯೋಗ, ಪ್ರಕೃತಿ ಚಿಕಿತ್ಸೆಗಳು ದೇಹ–ಮನಸ್ಸುಗಳಿಗೆ ನೆಮ್ಮದಿ ನೀಡುತ್ತವೆ, ನಿಜ. ಆದರೆ ಇಳಿಸಿದ ಹೊರೆಯನ್ನೇ ಮತ್ತೆ ಅದೇ ರೀತಿ ಹೊತ್ತುಕೊಂಡರೆ ಬೆನ್ನು ಮತ್ತೆ ನೋಯದಿರದು.

ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ದುಡಿಮೆಯೆಂದರೆ ಕಾಯಕ. ಈ ಕಾರಣಕ್ಕಾಗಿಯೇ ‘ದಣಿದಿದ್ದೇನೆ’ ಎಂದು ಹೇಳಿಕೊಳ್ಳಲು ಎಷ್ಟೋ ಮಂದಿ ಸಂಕೋಚಪಡುತ್ತಾರೆ. ದಣಿವನ್ನು ತಮ್ಮ ನಿಷ್ಠೆಯ ಲೋಪವೆಂದು ಭಾವಿಸಿ ಒಳಗೊಳಗೇ ನೋಯುತ್ತಾರೆ. ಆದರೆ ಕಾಯಕವೆಂಬ ಶಬ್ದದ ಮೂಲದಲ್ಲಿಯೇ ಕಾಯವಿದೆ. ಕಾಯವನ್ನು ಕಾಪಾಡದೆ ಕಾಯಕ ನಡೆಯದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗುವುದು ಭಕ್ತಿಗೆ ಹೇಗೆ ವಿರೋಧವಲ್ಲವೋ, ಮನಸ್ಸು ಬಳಲಿದಾಗ ಚಿಕಿತ್ಸೆ ಪಡೆಯುವುದೂ ಹಾಗೆಯೇ ವಿರೋಧವಲ್ಲ.

ಮೊದಲ ಹೆಜ್ಜೆಯಾಗಿ ಸಮೀಪದ ವೈದ್ಯರನ್ನು ಕಾಣಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಮಧುಮೇಹ, ಬಿ12 ಜೀವಸತ್ವದ ಕೊರತೆಗಳಿಂದಲೂ ಇಂತಹ ಸುಸ್ತು ಬರುತ್ತದೆ. ಸರಳ ರಕ್ತಪರೀಕ್ಷೆಗಳಿಂದ ಇವು ತಿಳಿಯುತ್ತವೆ. ಖಿನ್ನತೆಯನ್ನೂ ಪ್ರತ್ಯೇಕವಾಗಿ ಗುರುತಿಸಬೇಕಾಗುತ್ತದೆ. ಬಸವಳಿಕೆಯು ಮುಖ್ಯವಾಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಖಿನ್ನತೆಯಾದರೋ ಹಬ್ಬ, ಊಟ, ಮಕ್ಕಳ ಆಟ ಎಲ್ಲದರಿಂದಲೂ ಸಂತೋಷವನ್ನು ಕಸಿಯುತ್ತದೆ. ಒಂದು ಇನ್ನೊಂದಕ್ಕೆ ದಾರಿಯಾಗುವುದೂ ಉಂಟು.

ಮಾತಿನ ಚಿಕಿತ್ಸೆಯೆಂದರೆ ಉಪದೇಶವಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ, ಕೆಲವು ವಾರ ಅಥವಾ ತಿಂಗಳುಗಳ ಕಾಲ ಭೇಟಿ ನಡೆಯುತ್ತದೆ. ಚಿಕಿತ್ಸಕರು ಮೊದಲು ಕೇಳಿಸಿಕೊಳ್ಳುತ್ತಾರೆ. ದಿನಚರಿಯಲ್ಲಿ ಶಕ್ತಿ ಎಲ್ಲಿ ಸೋರುತ್ತಿದೆ ಎಂದು ಬರೆದಿಡಲು ಹೇಳುತ್ತಾರೆ. ಅಮೆರಿಕದ ಮನೋವೈದ್ಯ ಏರನ್ ಬೆಕ್ ಅವರು 1960ರ ದಶಕದಲ್ಲಿ ರೂಪಿಸಿದ ಪದ್ಧತಿಯೊಂದು ಇಂದು ಹೆಚ್ಚು ಬಳಕೆಯಲ್ಲಿದೆ. ‘ನಾನು ಇಲ್ಲವೆಂದರೆ ಎಲ್ಲ ಕೆಟ್ಟುಹೋಗುತ್ತದೆ’, ‘ಒಲ್ಲೆ ಎಂದರೆ ನಾನು ಕೆಟ್ಟವನಾಗುತ್ತೇನೆ’ ಎಂಬಂತಹ ಯೋಚನೆಗಳನ್ನು ಅದರಲ್ಲಿ ಒರೆಗೆ ಹಚ್ಚಿ ನೋಡಲಾಗುತ್ತದೆ. ಯಾವ ಕೆಲಸವನ್ನು ಬಿಡಬಹುದು, ಯಾವುದನ್ನು ಹಂಚಿಕೊಳ್ಳಬಹುದು, ಮೇಲಧಿಕಾರಿಯೊಡನೆ ಹೇಗೆ ಮಾತನಾಡಬೇಕು ಎಂಬುದನ್ನು ಜೊತೆಗೂಡಿ ನಿರ್ಧರಿಸಲಾಗುತ್ತದೆ. ಬಸವಳಿಕೆಗೆಂದೇ ಪ್ರತ್ಯೇಕ ಮಾತ್ರೆಯಿಲ್ಲ. ಖಿನ್ನತೆ ಅಥವಾ ತೀವ್ರ ಆತಂಕ ಸೇರಿಕೊಂಡಿದ್ದರೆ ಮನೋವೈದ್ಯರು ಔಷಧ ಕೊಡಬಹುದು. ಅಂತಹ ಔಷಧದ ಗುಣ ಕಾಣಲು ಕೆಲವು ವಾರಗಳು ಬೇಕು. ನಡುವೆ ತಾವಾಗಿಯೇ ನಿಲ್ಲಿಸಬಾರದು.

ನೆರವು ನಾವೆಣಿಸಿದಷ್ಟು ದೂರವಿಲ್ಲ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ಬಂಟ್ವಾಳ, ಬೆಳ್ತಂಗಡಿಯವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ, ಮೂಡುಬಿದಿರೆಯವರು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ. ಜಿಲ್ಲಾ ಆಸ್ಪತ್ರೆಯಾದ ಮಂಗಳೂರಿನ ವೆನ್ಲಾಕ್‌ನಲ್ಲಿಯೂ ಮನೋವೈದ್ಯಕೀಯ ಸೇವೆ ದೊರೆಯುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಪರಿಚಿತರು ಕಂಡಾರೆಂಬ ಅಳುಕು ಇರುವವರಿಗೆ ದೂರವಾಣಿಯ ದಾರಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಕೊಟ್ಟಿರುವ ಹಕ್ಕು.

ಖಾಸಗಿಯಾಗಿ ಚಿಕಿತ್ಸಕರನ್ನು ಆರಿಸುವಾಗ ಅವರ ಅರ್ಹತೆಯನ್ನು ಕೇಳಲು ಹಿಂಜರಿಯಬಾರದು. ಚಿಕಿತ್ಸಾ ಮನಃಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ, ತಮ್ಮ ಮನೆಮಾತು ಬಲ್ಲವರು ಸಿಕ್ಕರೆ ಒಳಿತು. ಅಳುವ ಮಾತು ಮನೆಮಾತಿನಲ್ಲಿಯೇ ಸಲೀಸಾಗಿ ಬರುತ್ತದೆ.

ಮನೆಯವರ ಹೊಣೆಯೂ ಚಿಕ್ಕದಲ್ಲ. ‘ಎಲ್ಲರೂ ದುಡಿಯುವುದಿಲ್ಲವೇ’ ಎಂಬ ಮಾತಿಗಿಂತ ‘ಇವತ್ತಿನ ಕೆಲಸ ನಾನು ನೋಡಿಕೊಳ್ಳುತ್ತೇನೆ’ ಎಂಬ ಮಾತು ಹೆಚ್ಚು ಗುಣಕಾರಿ. ಬದುಕೇ ಬೇಡವೆನ್ನುವ ಮಾತು ಬಾಯಲ್ಲಿ ಬಂದರೆ ಅದನ್ನು ಹಗುರವಾಗಿ ಕಾಣದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ 14416ಕ್ಕೆ ಕರೆಮಾಡಬೇಕು ಅಥವಾ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೇವೆ ಮಾಡುವ ಕೈಗಳಿಗೂ ಸೇವೆ ಬೇಕಾಗುವ ಕಾಲ ಬರುತ್ತದೆ. ಆಗ ಕೈಚಾಚಿ ನೆರವು ಕೇಳುವುದು ಸೋಲಲ್ಲ. ನಮ್ಮ ನಡುವೆ ಮೌನವಾಗಿ ಬಸವಳಿದಿರುವ ಒಬ್ಬರಾದರೂ ಈ ತಿಂಗಳಲ್ಲಿ ವೈದ್ಯರ ಬಾಗಿಲು ತಟ್ಟಲಿ, ಅವರಿಗೆ ಜೊತೆಯಾಗಿ ಹೋಗಲು ಮನೆಯ ಒಬ್ಬರು ಸಿದ್ಧರಾಗಲಿ ಎಂಬುದು ನಮ್ಮ ಹಾರೈಕೆ.