ಅರಳು ಮರಳೆಂದು ಕಡೆಗಣಿಸದಿರೋಣ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಬಲು ಹಳೆಯದು. ಬೆಳಗಿನ ಇಷ್ಟಲಿಂಗಪೂಜೆ ಮುಗಿಸಿದ ಅಜ್ಜ ಅರ್ಧ ಗಂಟೆಯ ಬಳಿಕ ‘ಪೂಜೆಗೆ ಅಣಿ ಮಾಡಮ್ಮ’ ಎಂದು ಸೊಸೆಗೆ ಹೇಳಿದರೆ ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಹೂರಣಕ್ಕೆ ಬೆಲ್ಲ ಹಾಕಿದೆನೋ ಇಲ್ಲವೋ ಎಂದು ಅಜ್ಜಿ ದಿನವೂ ತಡವರಿಸತೊಡಗಿದರೆ ‘ವಯಸ್ಸಾಯಿತಲ್ಲ’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ವಯೋಸಹಜವಾದ ಮರೆವು ಎಲ್ಲರಿಗೂ ಉಂಟು. ಆದರೆ ಎಲ್ಲ ಮರೆವೂ ವಯೋಸಹಜವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಹಿರಿಯರು, ಬುದ್ಧಿಶಕ್ತಿ ಕುಂದುವ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ.

ಇವುಗಳಲ್ಲಿ ಮುಖ್ಯವಾದುದು, 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ಮೊದಲು ವಿವರಿಸಿದ ರೋಗ. ಲಕ್ಷಣಗಳು ಕಣ್ಣಿಗೆ ಬೀಳುವುದಕ್ಕೆ ಅನೇಕ ವರ್ಷಗಳ ಮೊದಲೇ ಅದು ಮಿದುಳಿನಲ್ಲಿ ಬೇರೂರಿರುತ್ತದೆ. ಅದನ್ನು ಮುಂಚಿತವಾಗಿ ಅರಿಯಲು ನೆರವಾಗುವ ಮಿದುಳಿನ ಚಿತ್ರಣ ಪರೀಕ್ಷೆಗಳು ದುಬಾರಿಯಾದವು, ದೊಡ್ಡ ನಗರಗಳಿಗೆ ಸೀಮಿತವಾದವು. ಆದುದರಿಂದಲೇ ವಿಜ್ಞಾನಿಗಳ ಗಮನ ಇ.ಇ.ಜಿ. ಎಂಬ ಹಳೆಯ ಸರಳ ಪರೀಕ್ಷೆಯತ್ತ ತಿರುಗಿದೆ.

1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮಾನವನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊಟ್ಟಮೊದಲು ದಾಖಲಿಸಿದರು. ತಲೆಯ ಮೇಲೆ ಪುಟ್ಟ ಲೋಹದ ಬಿಲ್ಲೆಗಳನ್ನಿಟ್ಟು ಅಲೆಗಳನ್ನು ಬರೆದುಕೊಳ್ಳುವುದಷ್ಟೆ, ಸೂಜಿಯಿಲ್ಲ, ನೋವಿಲ್ಲ. ಎಚ್ಚರವಾಗಿದ್ದು ಕಣ್ಣು ಮುಚ್ಚಿ ಕುಳಿತವರಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏಳುವ ‘ಆಲ್ಫಾ’ ಅಲೆ ಎದ್ದು ಕಾಣುತ್ತದೆ. ಅಲ್ಜೈಮರ್ ರೋಗಿಗಳಲ್ಲಿ ಈ ಅಲೆ ಕುಂದಿ, ನಿಧಾನಗತಿಯ ಅಲೆಗಳು ಹೆಚ್ಚುತ್ತವೆ.

ಆರಂಭದ ಹಂತದಲ್ಲಿ ಈ ವ್ಯತ್ಯಾಸ ಅತಿ ಸೂಕ್ಷ್ಮವಾದುದು. ನುರಿತ ಕಣ್ಣಿಗೂ ನಿಲುಕದು. ಇಲ್ಲಿ ಗಣಕಯಂತ್ರ ನೆರವಿಗೆ ಬರುತ್ತದೆ. ತೆಂಗಿನಕಾಯಿಯನ್ನು ತಟ್ಟಿ ಸದ್ದಿನಿಂದಲೇ ಬಲಿತುದನ್ನು ಗುರುತಿಸುವ ವ್ಯಾಪಾರಿಗೆ ಆ ಜಾಣ್ಮೆ ಬಂದುದು ಸಾವಿರಾರು ಕಾಯಿಗಳನ್ನು ತಟ್ಟಿದ ಅನುಭವದಿಂದ. ಅಂತೆಯೇ ಆರೋಗ್ಯವಂತರ ಹಾಗೂ ರೋಗಿಗಳ ದಾಖಲೆಗಳನ್ನು ಗುರುತು ಮಾಡಿ ಯಂತ್ರಕ್ಕೆ ಒದಗಿಸಿದರೆ, ಅದು ಎರಡರ ಅಂತರವನ್ನು ತಾನೇ ಕಲಿತು, ಹೊಸ ದಾಖಲೆಯೊಂದು ಯಾವ ಗುಂಪಿಗೆ ಸೇರೀತೆಂದು ಊಹಿಸುತ್ತದೆ.

ಅಲೆಗಳಲ್ಲಿ ಇಂಥ ಸುಳಿವು ಇದೆಯೆಂಬುದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ನಿದರ್ಶನವುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಮತ್ತು ಸಹೋದ್ಯೋಗಿಗಳು ನಗರದ ಇನ್ನೂರಕ್ಕೂ ಹೆಚ್ಚು ಹಿರಿಯರಿಗೆ ಪರದೆಯ ಮೇಲೆ ಪಟ್ಟೆಗಳ ಚಿತ್ರ ತೋರಿಸಿ ಅಲೆಗಳನ್ನು ದಾಖಲಿಸಿದರು. ಬುದ್ಧಿಶಕ್ತಿ ಕುಂದತೊಡಗಿದವರಲ್ಲಿ, ಚಿತ್ರ ಕಂಡೊಡನೆ ಏಳುವ ‘ಗಾಮಾ’ ಅಲೆಗಳು ದುರ್ಬಲವಾಗಿದ್ದುದನ್ನು 2021ರಲ್ಲಿ ಪ್ರಕಟಿಸಿದರು. ಆದರೆ ಅವರ ಅಧ್ಯಯನದಲ್ಲಿದ್ದ ರೋಗಿಗಳ ಸಂಖ್ಯೆ ತೀರ ಸಣ್ಣದು.

ಯಂತ್ರದ ಮಾತೇ ಅಂತಿಮವೆಂದು ಭಾವಿಸುವುದು ತರವಲ್ಲ. ತೂಕಡಿಕೆ, ಔಷಧಿ, ತಲೆಯ ಅಲುಗಾಟ ಇವೆಲ್ಲ ಅಲೆಗಳನ್ನು ಬದಲಿಸುತ್ತವೆ. ಒಂದು ಆಸ್ಪತ್ರೆಯ ದಾಖಲೆಗಳಿಂದ ಕಲಿತ ಯಂತ್ರ ಮತ್ತೊಂದರಲ್ಲಿ ತಪ್ಪಬಹುದು. ತಪ್ಪು ಎಚ್ಚರಿಕೆಯಿಂದ ಇಡೀ ಕುಟುಂಬವೇ ಕಂಗೆಟ್ಟೀತು. ಆದುದರಿಂದ ಇದು ವೈದ್ಯರಿಗೆ ಸಹಾಯಕವಾಗಬಹುದೇ ಹೊರತು ವೈದ್ಯರ ಸ್ಥಾನವನ್ನು ತುಂಬಲಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಮರೆವು ದಿನಚರಿಯನ್ನೇ ಕೆಡಿಸತೊಡಗಿದಾಗ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆಗಳಿಂದಲೂ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ರಕ್ತದೊತ್ತಡ, ಮಧುಮೇಹಗಳನ್ನು ಹತೋಟಿಯಲ್ಲಿಡುವುದು, ಕಿವಿ ಮಂದವಾದರೆ ಶ್ರವಣಸಾಧನ ಕೊಡಿಸುವುದು, ಅವರನ್ನು ಒಂಟಿಯಾಗಿ ಬಿಡದಿರುವುದು ಇವೂ ಮಿದುಳಿನ ರಕ್ಷಣೆಗೆ ಪೂರಕವೆಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ತಿಳಿಸಿದೆ.

ಅಜ್ಜನ ಮರೆವನ್ನು ಮೊದಲು ಕಾಣುವವರು ಅವರೊಡನೆ ಪ್ರಸಾದಕ್ಕೆ ಕುಳಿತುಕೊಳ್ಳುವ ಮನೆಯವರೇ. ನಗುವುದನ್ನು ಬಿಟ್ಟು ಸಕಾಲದಲ್ಲಿ ಗಮನಿಸಿ ಕೈಹಿಡಿದರೆ, ನಮ್ಮನ್ನು ಬೆಳೆಸಿದ ಹಿರಿಯರಿಗೆ ಅದೇ ನಿಜವಾದ ದಾಸೋಹವಾದೀತು.